ಸರೋವರ ಸೀಮೆಗೊಂದು ಹಾಳೆ ನಕ್ಷೆ

ಇಂಗ್ಲೆಂಡಿನ ವಾಯವ್ಯ ಮೂಲೆಯ ಲೇಕ್ ಡಿಸ್ಟ್ರಿಕ್ಟ್ ನಮ್ಮಲ್ಲಿ ಅನೇಕರಿಗೆ ವರ್ಡ್ಸ್‌ವರ್ತ್‌ನ ಪಠ್ಯಪದ್ಯಗಳ ಮೂಲಕ ಪರಿಚಿತ. ಆತ ಆ ಸೀಮೆಗೊಂದು ಪ್ರವಾಸ ಕೈಪಿಡಿಯನ್ನೂ ಬರೆದಿದ್ದನೆಂಬುದನ್ನು ಬಲ್ಲವರು ಕಡಿಮೆ. 1810ರಲ್ಲಿ ಮೊದಲು ಪ್ರಕಟವಾದ ಆ ಬರಹ ಅಲ್ಲಿನ ಕಣಿವೆಗಳನ್ನು ಬಂಡಿಗಾಲಿಯ ನಡುವಿನಿಂದ ಹೊರಟ ಅರೆಕಾಲುಗಳಿಗೆ ಹೋಲಿಸುತ್ತದೆ.

ಪ್ರವಾಸಿಗರ ಲೆಕ್ಕ ತಪ್ಪುವುದು ಈ ರಚನೆಯಿಂದಲೇ. ಪಕ್ಕದ ಕಣಿವೆ ನೇರ ದೂರದಲ್ಲಿ ಸಮೀಪವೆನಿಸಿದರೂ, ವಾಹನದಲ್ಲಿ ತಲುಪಲು ಬೆಟ್ಟಗಳನ್ನು ಬಳಸಬೇಕು. ಇಲ್ಲವೇ ಕೆಲವೆಡೆ ಮೂರಡಿಗೆ ಒಂದಡಿ ಏರುವ ಹಾರ್ಡ್‌ನಾಟ್‌ನಂತಹ ಘಾಟಿಯನ್ನು ಹತ್ತಬೇಕು. ಮೊಬೈಲಿನ ಪುಟ್ಟ ಪರದೆಯಲ್ಲಿ ಇದು ಒಟ್ಟಾಗಿ ಕಾಣದು. ಕಣಿವೆಗಳಲ್ಲಿ ಸಿಗ್ನಲ್ ಕೂಡ ಹಲವೆಡೆ ದುರ್ಲಭ.

ಬ್ರಿಟನ್ನಿನ ಸರ್ಕಾರಿ ಭೂಮಾಪನ ಸಂಸ್ಥೆ ಆರ್ಡ್‌ನೆನ್ಸ್ ಸರ್ವೆಯ 1:25,000 ಪ್ರಮಾಣದ ನಕ್ಷೆಗಳನ್ನು ಚಂದಾದಾರರು ಮನೆಯಲ್ಲೇ ಮುದ್ರಿಸಿಕೊಳ್ಳಬಹುದು. ನಕ್ಷೆಯ 4 ಸೆಂ.ಮೀ. ನೆಲದ ಮೇಲೆ 1 ಕಿ.ಮೀ. ಎ4 ಹಾಳೆಯಲ್ಲಿ ಸುಮಾರು 5 ಕಿ.ಮೀ. ಅಗಲ, 7 ಕಿ.ಮೀ. ಉದ್ದದ ಪ್ರದೇಶ ಹಿಡಿಸುತ್ತದೆ. ಮುದ್ರಿಸುವಾಗ ನಕ್ಷೆಯನ್ನು ಹಾಳೆಗೆ ಹೊಂದುವಂತೆ ಹಿಗ್ಗಿಸಿದರೆ, ಕುಗ್ಗಿಸಿದರೆ ಈ ಪ್ರಮಾಣವೇ ಕೆಡುತ್ತದೆಂಬುದು ನೆನಪಿರಲಿ.

ದೂರಕ್ಕಿಂತ ಮುಖ್ಯವಾದುದು ಏರು. 1892ರಲ್ಲಿ ನೈಸ್ಮಿತ್ ಎಂಬ ಸ್ಕಾಟಿಷ್ ಪರ್ವತಾರೋಹಿ ರೂಪಿಸಿದ ಸೂತ್ರ ಇಂದಿಗೂ ಉಪಯುಕ್ತ: 5 ಕಿ.ಮೀ.ಗೆ ಒಂದು ಗಂಟೆ, ಅದರ ಮೇಲೆ ಪ್ರತಿ 600 ಮೀಟರ್ ಏರಿಗೆ ಇನ್ನೊಂದು. ವಾಸ್ಡೇಲ್ ಹೆಡ್‌ನಿಂದ 978 ಮೀಟರ್ ಎತ್ತರದ ಸ್ಕಾಫೆಲ್ ಪೈಕ್ ತುದಿಗೆ ಏರಿನದ್ದೇ ಒಂದೂವರೆ ಗಂಟೆ. ನಮ್ಮಂಥ ನಗರವಾಸಿಗಳು ಇನ್ನೂ ಅರ್ಧ ಗಂಟೆ ಸೇರಿಸಿಕೊಳ್ಳುವುದು ಕ್ಷೇಮ.

ಪ್ಲಾಸ್ಟಿಕ್ ಲಕೋಟೆಯೂ ಜೊತೆಗಿರಲಿ. ಅಲ್ಲಿನ ಸೀತ್‌ವೇಟ್ ಹಳ್ಳಿಯಲ್ಲಿ ವರ್ಷಕ್ಕೆ 3,000 ಮಿ.ಮೀ.ಗೂ ಮಿಕ್ಕಿ ಮಳೆ ಸುರಿಯುತ್ತದೆ. ಮನೆಯ ಪ್ರಿಂಟರಿನ ಶಾಯಿ ಮಲೆನಾಡಿನಂತಹ ಆ ಮಳೆಯನ್ನು ತಾಳದು.