ಮನೆತನದ ಹಳೆಯ ಕಾಗದಗಳು

ಸುಗ್ಗಿ ಮುಗಿದು ಕಾಳು ಮನೆ ಸೇರಿದ ಮೇಲೆ ಹೆಳವರು ಬರುವ ಪದ್ಧತಿ ನಮ್ಮ ಬೆಳಗಾವಿ ಸೀಮೆಯಲ್ಲಿ ಬಹುಕಾಲದಿಂದ ನಡೆದುಬಂದಿದೆ. ಹಿಂದೆ ಅವರು ಎತ್ತಿನ ಮೇಲೆ ಕುಳಿತು, ಕಾಲುಗಳನ್ನು ಕಂಬಳಿಯಿಂದ ಮುಚ್ಚಿಕೊಂಡು ಬರುತ್ತಿದ್ದರು. ಮನೆಯ ಮುಂದೆ ನಿಂತು ಆ ಮನೆತನದ ಮೂಲಪುರುಷನಿಂದ ತೊಡಗಿ, ಹಿರಿಯರು ಯಾವ ಊರಿನಿಂದ ಹೊರಟು ಎಲ್ಲಿ ನೆಲೆಸಿದರು, ಯಾರ ಮಕ್ಕಳು ಯಾರು, ಯಾವ ಕವಲು ಎತ್ತ ಹೋಯಿತು ಎಂಬುದನ್ನೆಲ್ಲ ಸರಾಗವಾಗಿ ಹೇಳುವರು. ಹೊಸದಾಗಿ ಹುಟ್ಟಿದವರ ಹೆಸರುಗಳನ್ನು ಕೇಳಿ ತಮ್ಮ ಹೊತ್ತಗೆಯಲ್ಲಿ ಸೇರಿಸಿಕೊಳ್ಳುವರು. ಇಂತಿಂಥ ಮನೆತನಗಳು ಇಂತಿಂಥ ಹೆಳವರಿಗೆ ಸೇರಿದವು ಎಂಬ ಕಟ್ಟಳೆಯೂ ಉಂಟು. ಕಾಳು, ಬಟ್ಟೆ, ರೊಕ್ಕ, ಅನುಕೂಲವುಳ್ಳವರಾದರೆ ದನಕರು, ಇವು ಅವರಿಗೆ ಸಲ್ಲುವ ಕಾಣಿಕೆ.

ಮಲಪ್ರಭೆಯ ದಂಡೆಯ ಈ ಮುನವಳ್ಳಿಯಲ್ಲಿ ನಮ್ಮ ಮನೆಗೂ ಹೆಳವರು ಬರುತ್ತಿದ್ದರು. ನಾನು ಬಾಲಕನಾಗಿದ್ದಾಗ ಏಳು ತಲೆಮಾರುಗಳ ಹೆಸರುಗಳನ್ನು ಕೇಳಿ ಹಿಗ್ಗಿದ್ದುಂಟು. ಮುಂದೆ ಶಾಲಾಮಾಸ್ತರನಾದ ಮೇಲೆ ಒಂದು ವರುಷ ಆ ಹೆಸರುಗಳನ್ನು ಬರೆದುಕೊಳ್ಳುತ್ತ ಕುಳಿತಾಗ ಒಂದು ಸಂಗತಿ ಮನಸ್ಸಿಗೆ ಹೊಳೆಯಿತು. ನಮ್ಮ ಮನೆಯ ಸಾಲಿನಲ್ಲಿ ಗಂಡಸರ ಹೆಸರುಗಳು ಒಂದೂ ತಪ್ಪಿರಲಿಲ್ಲ. ಆದರೆ ಮನೆಗೆ ಬಂದ ಸೊಸೆಯರ ಹೆಸರುಗಳು ಒಂದೆರಡನ್ನು ಬಿಟ್ಟರೆ ಇರಲೇ ಇಲ್ಲ.

ಸಂಸ್ಕೃತದಲ್ಲಿ ವಂಶ ಎಂಬ ಶಬ್ದಕ್ಕೆ ಬಿದಿರು ಎಂಬ ಅರ್ಥವೂ ಉಂಟು. ಗಿಣ್ಣಿನ ಮೇಲೆ ಗಿಣ್ಣು ಮೂಡಿ ಬಿದಿರು ಬೆಳೆಯುವಂತೆ ತಲೆಮಾರಿನ ಮೇಲೆ ತಲೆಮಾರು ಬೆಳೆಯುವುದು. ವಂಶಾವಳಿಯು ಗಿಣ್ಣುಗಳನ್ನು ಮಾತ್ರ ಎಣಿಸುತ್ತದೆ. ಎರಡು ಗಿಣ್ಣುಗಳ ನಡುವೆ ಏನು ನಡೆಯಿತು, ಯಾರು ದುಡಿದರು, ಯಾರು ಹಸಿದರು, ಯಾರು ಮನೆಯನ್ನು ಉಳಿಸಿದರು ಎಂಬುದು ತಿಳಿಯಬೇಕಾದರೆ ಅವರು ಬರೆದ ಪತ್ರಗಳೂ ದಿನದಿನದ ಲೆಕ್ಕದ ಕಿರ್ದಿಗಳೂ ಬೇಕು. ಇದನ್ನು ನಾನು ಪುಸ್ತಕದಿಂದ ಕಲಿತವನಲ್ಲ, ನನ್ನ ತಪ್ಪಿನಿಂದ ಕಲಿತವನು.

ನಮ್ಮದು ಒಕ್ಕಲುತನದ ಮನೆ; ಹಿರಿಯರು ಅದರೊಡನೆ ಹತ್ತಿಯ ವ್ಯಾಪಾರವನ್ನೂ ಮಾಡುತ್ತಿದ್ದರು. ಅಟ್ಟದ ಮೇಲೆ ಕೆಂಪು ರುಮಾಲಿನಲ್ಲಿ ಕಟ್ಟಿದ ಒಂದು ದೊಡ್ಡ ದಫ್ತರವಿತ್ತು. ಕಾಗದಗಳೆಲ್ಲ ಮೋಡಿ ಲಿಪಿಯವು. ನನಗೆ ದೇವನಾಗರಿಯ ಗ್ರಂಥಗಳು ಓದಲು ಬರುತ್ತಿದ್ದವೇ ಹೊರತು ಮೋಡಿಯ ಒಂದಕ್ಷರವೂ ತಿಳಿಯದು. ಮನೆಯ ದುರಸ್ತಿಯ ಕಾಲಕ್ಕೆ ಅಟ್ಟವನ್ನು ಬಿಚ್ಚಿದಾಗ, ಇವು ತೀರಿಹೋದ ಲೆಕ್ಕಗಳೆಂದು ಭಾವಿಸಿ, ನೀರು ಕಾಯಿಸುವ ಒಲೆಗೆ ಹಾಕಿರೆಂದು ನಾನೇ ಹೇಳಿದೆನು. ನಾಲ್ಕು ದಿವಸ ಆ ಬೆಂಕಿಯ ಬಿಸಿನೀರಿನಲ್ಲಿಯೇ ಎಲ್ಲರೂ ಮಿಂದೆವು. ನನ್ನ ತಾಯಿಯವರು ಮಾತ್ರ, ಕಾಗದ ಗಟ್ಟಿಯಾಗಿದೆ ಎಂದು, ಐದು ಹಾಳೆಗಳನ್ನು ತೆಗೆದು ತಮ್ಮ ಟ್ರಂಕಿನ ತಳಕ್ಕೆ ಹಾಸಿಕೊಂಡರು.

ತಾಯಿಯವರು ತೀರಿಕೊಂಡ ಮೇಲೆ ಆ ಹಾಳೆಗಳು ಕೈಗೆ ಬಂದವು. ಮೋಡಿ ಬಲ್ಲ ಹಿರಿಯರೊಬ್ಬರಿಗೆ ತೋರಿಸಿದೆನು. ನಾಲ್ಕು ಹಾಳೆಗಳು ಹತ್ತಿಯ ಲೆಕ್ಕದವು. ಐದನೆಯದು ಶಕ ೧೭೯೯, ಈಶ್ವರ ಸಂವತ್ಸರದ ಶ್ರಾವಣದಲ್ಲಿ, ಅಂದರೆ ಕ್ರಿ.ಶ. ೧೮೭೭ರಲ್ಲಿ, ನನ್ನ ಮುತ್ತಜ್ಜನ ತಂದೆಯು ಹುಬ್ಬಳ್ಳಿಯಿಂದ ತನ್ನ ತಮ್ಮನಿಗೆ ಬರೆದ ಪತ್ರ. ೧೮೭೬ರಿಂದ ೧೮೭೮ರ ವರೆಗೆ ಬೆಳಗಾವಿ, ಧಾರವಾಡ, ಕಲಾದಗಿ ಜಿಲ್ಲೆಗಳನ್ನು ಸುಟ್ಟ ಮಹಾಕ್ಷಾಮದ ನಡುಗಾಲವದು. ಹೊರಗೆ ಕಾಳು ಸಿಕ್ಕುವಂತಿಲ್ಲ. ಎತ್ತುಗಳ ಒಂದು ಜೋಡಿಯನ್ನು ಮಾರು, ಆಕಳನ್ನು ಮಾರಬೇಡ. ಅತ್ತಿಗೆಯನ್ನು ಕೇಳದೆ ಹಗೇವನ್ನು ತೆರೆಯಬೇಡ, ಆಕೆ ಅಳೆದುಕೊಟ್ಟಷ್ಟರಲ್ಲಿಯೇ ಎಲ್ಲರೂ ಉಣ್ಣಿರಿ, ಎಂಬುದು ಪತ್ರದ ತಾತ್ಪರ್ಯ. ಆ ಅತ್ತಿಗೆಯ ಹೆಸರು ಅದರಲ್ಲಿ ಸ್ಪಷ್ಟವಾಗಿ ಬರೆದಿದೆ. ಆಕೆಯೇ ನನ್ನ ಮುತ್ತಜ್ಜನ ತಾಯಿ. ನೆಲದೊಳಗಿನ ಆ ಕಾಳಿನ ಮೇಲೆ ಆಕೆ ಕೈಯಿಟ್ಟು ಕಾಯ್ದದ್ದರಿಂದಲೇ ಈ ವಂಶ ಮುಂದುವರಿಯಿತು. ಏಳು ತಲೆಮಾರುಗಳ ಪಟ್ಟಿಯಲ್ಲಿ ಆಕೆಯ ಹೆಸರಿರಲಿಲ್ಲ. ಒಲೆಗೆ ಹೋದ ಕಾಗದಗಳಲ್ಲಿ ಇನ್ನಾರಾರ ಹೆಸರುಗಳಿದ್ದವೋ!

ಕನ್ನಡದ ಮನೆಗಳಲ್ಲಿ ಮೋಡಿಯ ಕಾಗದಗಳೇಕೆ ಎಂದು ಎಳೆಯರು ಕೇಳಬಹುದು. ಪೇಶವೆಯರ ಕಾಲದಿಂದಲೂ ಈ ಭಾಗದ ಕಚೇರಿ ಮತ್ತು ವ್ಯಾಪಾರಗಳ ಬರವಣಿಗೆ ಹೆಚ್ಚಾಗಿ ಮರಾಠಿಯಲ್ಲಿತ್ತು. ಇಂಗ್ಲಿಷರ ಆಳಿಕೆಯ ಆರಂಭದಲ್ಲಿ ಶಾಲೆಗಳಲ್ಲಿಯೂ ಅದೇ ನಡೆಯಿತು. ಡೆಪ್ಯುಟಿ ಚೆನ್ನಬಸಪ್ಪನವರೇ ಮೊದಲಾದ ಮಹನೀಯರ ಶ್ರಮದಿಂದ ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಇಲ್ಲಿ ಕನ್ನಡ ಶಾಲೆಗಳು ಬೇರೂರಿದವು. ಕಾಲಾಂತರದಲ್ಲಿ ಮೋಡಿಯನ್ನು ಓದುವವರೂ ಇಲ್ಲದಂತಾಗಿ, ಅಜ್ಜನ ಕೈಬರಹ ಮೊಮ್ಮಗನಿಗೆ ಮೂಕವಾಯಿತು. ಕಾಗದದ ಬೆಲೆಯನ್ನು ನಮ್ಮ ಹಿರಿಯರು ಬಲ್ಲವರಾಗಿದ್ದರು. ೧೮೫೨ರ ೧೧ನೆಯ ಕಾಯಿದೆಯಂತೆ ಇನಾಂ ಕಮಿಶನ್ನಿನವರು ದಕ್ಷಿಣ ಮರಾಠಾ ಸೀಮೆಯ ಇನಾಂ ಭೂಮಿಗಳ ವಿಚಾರಣೆ ನಡೆಸಿದಾಗ, ಸನದು, ವಂಶಾವಳಿ ಮೊದಲಾದ ಆಧಾರಗಳನ್ನು ತೋರಿಸಲಾರದೆ ಭೂಮಿಯನ್ನು ಕಳೆದುಕೊಂಡ ಮನೆತನಗಳು ಅನೇಕ. ಆದ್ದರಿಂದಲೇ ಹಕ್ಕಿನ ಪತ್ರಗಳನ್ನು ಪೆಟ್ಟಿಗೆಯಲ್ಲಿ ಕಾಪಾಡಿದರು. ಮಮತೆಯ ಪತ್ರಗಳಿಗೆ ಮಾತ್ರ ಕಾವಲುಗಾರರಿರಲಿಲ್ಲ.

ಪರದೇಶಗಳಲ್ಲಿ ಇಂಥ ಕಾವಲನ್ನು ಶ್ರದ್ಧೆಯಿಂದ ಮಾಡಿದವರುಂಟು. ಇಂಗ್ಲೆಂಡಿನಲ್ಲಿ ಕ್ವೇಕರರೆಂಬ ಕ್ರೈಸ್ತ ಪಂಥದವರು ತಮ್ಮವರ ಜನನ, ವಿವಾಹ, ಮರಣಗಳನ್ನು ತಮ್ಮ ಸಭೆಗಳ ಪುಸ್ತಕಗಳಲ್ಲಿ ಬರೆದಿಡುತ್ತಿದ್ದರು. ದಿನಚರಿ ಬರೆಯುವುದೂ ಅವರಲ್ಲಿ ರೂಢಿ. ೧೮೩೭ರಲ್ಲಿ ಅಲ್ಲಿ ಸರಕಾರದ ಜನನ-ಮರಣ ನೋಂದಣಿ ಆರಂಭವಾದ ಬಳಿಕ ಆ ಮೂಲ ಪುಸ್ತಕಗಳನ್ನು ಸರಕಾರಕ್ಕೆ ಒಪ್ಪಿಸಬೇಕಾಯಿತು. ಒಪ್ಪಿಸುವ ಮೊದಲು ಅವುಗಳ ಸಾರವನ್ನೆಲ್ಲ ಪ್ರತಿಮಾಡಿ ತಮ್ಮಲ್ಲಿ ಇಟ್ಟುಕೊಂಡರು. ಅದೇ ಪಂಥದ ಎಲಿಜಬೆತ್ ಫ್ರೈ ಎಂಬಾಕೆ ಸೆರೆಮನೆಯ ಹೆಂಗಸರ ಸುಧಾರಣೆಗಾಗಿ ದುಡಿದು ೧೮೪೫ರಲ್ಲಿ ಗತಿಸಿದಳು. ಆಕೆಯ ದಿನಚರಿ ಮತ್ತು ಪತ್ರಗಳಿಂದ ಆಯ್ದು ೧೮೪೭ರಲ್ಲಿ ಜೀವನಚರಿತ್ರೆಯನ್ನು ಪ್ರಕಟಿಸಿದವರು ಆಕೆಯ ಇಬ್ಬರು ಹೆಣ್ಣುಮಕ್ಕಳು.

ನಮಗೆ ಇನ್ನೂ ಸಮೀಪದ ದೃಷ್ಟಾಂತ ಬೇಕೆ? ಕನ್ನಡದ ಮೊದಲ ಪತ್ರಿಕೆಯಾದ ‘ಮಂಗಳೂರ ಸಮಾಚಾರ’ವನ್ನು ೧೮೪೩ರಲ್ಲಿ ಹೊರಡಿಸಿದ ಹರ್ಮನ್ ಮೋಗ್ಲಿಂಗರು ೧೮೮೧ರಲ್ಲಿ ತೀರಿಕೊಂಡ ಮರುವರ್ಷವೇ ಅವರ ಚರಿತ್ರೆಯನ್ನು ಬರೆದವರು ಅವರ ಗೆಳೆಯ ಗುಂಡರ್ಟರು. ತಲಚೇರಿಯಲ್ಲಿ ೧೮೪೨ರಲ್ಲಿ ಹುಟ್ಟಿದ ಗುಂಡರ್ಟರ ಮಗಳು ಮಾರಿ ಎಂಬಾಕೆ ಜರ್ಮನ್ ಕಾದಂಬರಿಕಾರ ಹರ್ಮನ್ ಹೆಸ್ಸೆಯ ತಾಯಿ. ಆಕೆಯ ಪತ್ರಗಳನ್ನೂ ದಿನಚರಿಯನ್ನೂ ಆಯ್ದು ೧೯೩೪ರಲ್ಲಿ ಗ್ರಂಥರೂಪಕ್ಕೆ ತಂದವಳು ಆಕೆಯ ಮಗಳೇ. ಇಂಗ್ಲೆಂಡಿನಲ್ಲಿಯೂ ಜರ್ಮನಿಯಲ್ಲಿಯೂ ತಾಯಿಯ ಅಕ್ಷರಗಳನ್ನು ಉಳಿಸಿದವರು ಹೆಣ್ಣುಮಕ್ಕಳೆಂಬುದನ್ನು ವಾಚಕರು ಗಮನಿಸಬೇಕು. ನಮ್ಮ ಮನೆಯಲ್ಲಿಯೂ ಐದು ಹಾಳೆಗಳು ಉಳಿದದ್ದು ತಾಯಿಯ ಟ್ರಂಕಿನಲ್ಲಿ.

ಇನ್ನು ಗೃಹಸ್ಥರು ಮಾಡತಕ್ಕದ್ದೇನು? ಮೊದಲನೆಯದಾಗಿ, ಓದಲು ಬಾರದ ಕಾಗದವನ್ನು ಓದಬಲ್ಲವರಿಗೆ ತೋರಿಸದೆ ನಾಶಮಾಡಬಾರದು. ಕಾಗದಗಳನ್ನು ಮೃದುವಾದ ಕುಂಚದಿಂದ ಧೂಳು ಝಾಡಿಸಿ, ಒಗೆದ ಬಿಳಿಯ ಹತ್ತಿಯ ಬಟ್ಟೆಯಲ್ಲಿ ಸುತ್ತಿ, ಗೋಡೆಯಿಂದಲೂ ನೆಲದಿಂದಲೂ ದೂರವಾಗಿ ಒಣಗಿದ ಸ್ಥಳದಲ್ಲಿ ಇಡಬೇಕು. ಹುಳುಗಳಿಗಾಗಿ ಬಜೆಯ ಬೇರನ್ನು ಬೇರೆ ಚೀಲದಲ್ಲಿ ಕಟ್ಟಿ ಪಕ್ಕದಲ್ಲಿಡಬಹುದು. ಹರಿದಲ್ಲಿ ಅಂಟುಪಟ್ಟಿ ಹಚ್ಚುವುದು, ಪ್ಲಾಸ್ಟಿಕ್ಕಿನಲ್ಲಿ ಬಿಗಿದು ಅಂಟಿಸುವುದು, ಬಿಸಿಲಿಗೆ ಹರಡುವುದು ಸಲ್ಲದು. ಕಾಡಿಗೆಯಿಂದ ಮಾಡಿದ ಹಳೆಯ ಮಸಿಯು ಬೆಳಕಿಗೆ ಮಾಸದು, ನೀರಿಗೆ ಹರಡುವುದು. ಒದ್ದೆ ಬಟ್ಟೆಯಿಂದ ಒರೆಸಬಾರದು. ೨೦೧೯ರ ಆಗಸ್ಟಿನಲ್ಲಿ ಮಲಪ್ರಭೆ ಉಕ್ಕಿ ದಂಡೆಯ ಊರುಗಳ ಮನೆಗಳಿಗೆ ನೀರು ನುಗ್ಗಿದ್ದನ್ನು ನಾವು ಮರೆತಿಲ್ಲ. ಕಾಗದಗಳು ನೆನೆದರೆ ಅವಸರದಿಂದ ಹಾಳೆಗಳನ್ನು ಬಿಡಿಸದೆ, ನೆರಳಿನ ಗಾಳಿಯಲ್ಲಿ, ನೀರು ಹೀರುವ ಬರಿಯ ಕಾಗದವನ್ನು ನಡುನಡುವೆ ಇಟ್ಟು ಒಣಗಿಸಬೇಕು.

ಎರಡನೆಯದಾಗಿ, ಪ್ರತಿ ಹಾಳೆಯ ಛಾಯಾಚಿತ್ರವನ್ನು ತೆಗೆದು ಒಂದು ಪ್ರತಿಯನ್ನು ಬೇರೊಂದು ಊರಿನ ನೆಂಟರಲ್ಲಿ ಇಡಬೇಕು. ಈಗ ಮನೆಮನೆಯಲ್ಲಿ ಮೊಬೈಲು ಇರುವುದರಿಂದ ಇದು ಮಕ್ಕಳು ಮಾಡಬಹುದಾದ ಕೆಲಸ. ಕಾಗದದಲ್ಲಿರುವ ಶಕವರ್ಷಕ್ಕೆ ೭೮ನ್ನೂ ಫಸಲಿಗೆ ೫೯೦ನ್ನೂ ಕೂಡಿಸಿದರೆ ಸುಮಾರಾಗಿ ಕ್ರಿಸ್ತವರ್ಷ ದೊರೆಯುತ್ತದೆ. ಮನೆಯಲ್ಲಿ ನೋಡಿಕೊಳ್ಳುವವರಿಲ್ಲದಿದ್ದರೆ ೧೯೩೯ರಲ್ಲಿ ಸ್ಥಾಪಿತವಾದ ಧಾರವಾಡದ ಕನ್ನಡ ಸಂಶೋಧನ ಸಂಸ್ಥೆಯಂಥ ಕಡೆ ತಜ್ಞರ ಸಲಹೆ ಕೇಳುವುದು ಲೇಸು.

ಮೂರನೆಯದು ಎಲ್ಲಕ್ಕಿಂತ ತುರ್ತಿನದು. ಮನೆಯ ಹಿರಿಯ ಹೆಂಗಸರ ಬಳಿ ಕುಳಿತು ಅವರ ತಾಯಿ, ಅಜ್ಜಿ, ಅತ್ತೆಯರ ಹೆಸರುಗಳನ್ನೂ ತವರೂರುಗಳನ್ನೂ ಕೇಳಿ ಬರೆದುಕೊಳ್ಳಬೇಕು. ಕಾಗದವು ಗೆದ್ದಲಿಗಾಗಿ ಹತ್ತು ವರುಷ ಕಾದೀತು. ಮುದುಕಿಯ ನೆನಪು ಕಾಯುವುದಿಲ್ಲ.

ಕಳೆದ ಸುಗ್ಗಿಯಲ್ಲಿ ನಮ್ಮ ಹೆಳವರ ಮನೆತನದ ತರುಣನೊಬ್ಬನು ಮೋಟಾರ್ ಸೈಕಲ್ಲಿನ ಮೇಲೆ ಬಂದನು. ಕಾಣಿಕೆ ಕೊಡುವ ಮೊದಲು ನಾನು ಆ ಪತ್ರವನ್ನು ಅವನಿಗೆ ಓದಿ ಹೇಳಿದೆನು. ಅವನು ಸುಮ್ಮನೆ ಕೇಳಿ, ಹೊತ್ತಗೆಯನ್ನು ತೆರೆದು, ಮುತ್ತಜ್ಜನ ಹೆಸರಿನ ಮೇಲೆ ಆ ತಾಯಿಯ ಹೆಸರನ್ನು ಬರೆದುಕೊಂಡನು. ಬಳಿಕ ಮೂಲದಿಂದ ಮತ್ತೊಮ್ಮೆ ಓದಿದನು. ಆ ಹೆಸರು ಬಂದಾಗ ನನ್ನ ಮೊಮ್ಮಗಳು, ಅದು ಯಾರು ಅಜ್ಜಾ, ಎಂದು ಕೇಳಿದಳು. ಅವಳಿಗೆ ಹೇಳಲು ನನ್ನಲ್ಲಿ ಒಂದು ಹಾಳೆಯಷ್ಟು ಕಥೆಯಿತ್ತು.