ಪೆನ್‌ಡ್ರೈವ್ ಕೊಡುವ ಮುನ್ನ: ನಮ್ಮ ಕಂಪ್ಯೂಟರಿಗೆ ಆ್ಯಂಟಿವೈರಸ್ ಬೇಕೇ?

ಪ್ರಾಜೆಕ್ಟ್ ಸಲ್ಲಿಸುವ ದಿನಗಳು ಬಂದರೆ ನಮ್ಮಲ್ಲಿ ಪುಸ್ತಕಕ್ಕಿಂತ ಹೆಚ್ಚು ಕೈ ಬದಲಾಯಿಸುವುದು ಪೆನ್‌ಡ್ರೈವ್. ಭಟ್ಕಳದ ಮನೆಯಲ್ಲಿ ಟೈಪ್ ಮಾಡಿದ್ದು ಹೊನ್ನಾವರದ ಗೆಳೆಯನ ಲ್ಯಾಪ್‌ಟಾಪಿಗೆ ಹೋಗುತ್ತದೆ, ಅಲ್ಲಿಂದ ಕುಮಟಾದ ಝೆರಾಕ್ಸ್ ಅಂಗಡಿಗೆ. ಮರಳಿ ಬಂದಾಗ ಕೆಲವೊಮ್ಮೆ ಫೋಲ್ಡರುಗಳ ಜಾಗದಲ್ಲಿ ಬರೀ ಶಾರ್ಟ್‌ಕಟ್‌ಗಳು. ಎಲ್ಲ ಹೋಯಿತೆಂದು ಗಾಬರಿಯಲ್ಲಿ ಫಾರ್ಮ್ಯಾಟ್ ಮಾಡಿ, ವಾರದ ಕೆಲಸವನ್ನು ತಾವೇ ಅಳಿಸಿಕೊಂಡವರೂ ಇದ್ದಾರೆ.

ಸಾಮಾನ್ಯವಾಗಿ ಇಂಥ ವೈರಸ್ ಫೈಲುಗಳನ್ನು ಅಳಿಸುವುದಿಲ್ಲ, ಅಡಗಿಸಿಡುತ್ತದೆ. ಅದೇ ಹೆಸರಿನ ಶಾರ್ಟ್‌ಕಟ್ ಇಡುತ್ತದೆ. ನಾವು ಅದನ್ನು ಒತ್ತಿದೊಡನೆ ವೈರಸ್ ಕೂಡ ಓಡಿ, ಕಂಪ್ಯೂಟರಿನೊಳಗೆ ಸೇರಿಕೊಳ್ಳುತ್ತದೆ. ಮುಂದೆ ಆ ಕಂಪ್ಯೂಟರಿಗೆ ಹಾಕಿದ ಪ್ರತಿ ಪೆನ್‌ಡ್ರೈವಿಗೂ ಹರಡುತ್ತದೆ. ಆದ್ದರಿಂದ ಶಾರ್ಟ್‌ಕಟ್ ಒತ್ತಬೇಡಿ, ಫಾರ್ಮ್ಯಾಟೂ ಮಾಡಬೇಡಿ. ಮೊದಲು ಸ್ಕ್ಯಾನ್ ಮಾಡಿ, ನಂತರ ಅಡಗಿದ ಫೈಲುಗಳನ್ನು ತೋರಿಸುವ ಆಯ್ಕೆ ಬಳಸಿ. ಆಗದಿದ್ದರೆ ಕಂಪ್ಯೂಟರ್ ಲ್ಯಾಬಿನ ಉಪನ್ಯಾಸಕರನ್ನು ಕೇಳಿ.

ಕೈಯಿಂದ ಕೈಗೆ ಹೋಗುವ ಡಿಸ್ಕಿನಲ್ಲಿ ವೈರಸ್ ಹರಡುವುದು ಹೊಸದಲ್ಲ. 1986ರಲ್ಲಿ ಲಾಹೋರಿನಲ್ಲಿ ಹುಟ್ಟಿದ 'ಬ್ರೇನ್' ವೈರಸ್ ಫ್ಲಾಪಿಗಳ ಮೂಲಕವೇ ಬೇರೆ ದೇಶಗಳಿಗೆ ಹೋಯಿತು. 2008ರಲ್ಲಿ ಕಾಣಿಸಿಕೊಂಡ 'ಕಾನ್‌ಫಿಕರ್' ಪೆನ್‌ಡ್ರೈವ್ ಹಾಕಿದೊಡನೆ ತಾನಾಗಿ ಓಡುವ ಸೌಲಭ್ಯವನ್ನೂ ಬಳಸಿಕೊಂಡಿತು. ಈಗಿನ ವಿಂಡೋಸ್‌ನಲ್ಲಿ ಪೆನ್‌ಡ್ರೈವಿಗೆ ಆ ದಾರಿ ಮುಚ್ಚಿದೆ. ಹಾಗಾಗಿ ಇಂದಿನ ವೈರಸ್ ಹೆಚ್ಚಾಗಿ ನಮ್ಮ ಒಂದು ಕ್ಲಿಕ್ಕಿಗಾಗಿ ಕಾಯುತ್ತದೆ.

ಹಾಗಾದರೆ ಹಣ ಕೊಟ್ಟು ಆ್ಯಂಟಿವೈರಸ್ ಕೊಳ್ಳಬೇಕೇ? ಹೆಚ್ಚಿನ ವಿದ್ಯಾರ್ಥಿಗಳಿಗೆ ಬೇಕಿಲ್ಲ. ವಿಂಡೋಸ್ 10 ಮತ್ತು 11ರಲ್ಲಿ 'ಡಿಫೆಂಡರ್' ಎಂಬ ಆ್ಯಂಟಿವೈರಸ್ ಮೊದಲೇ ಇದೆ. ಅದು ಆನ್ ಆಗಿರಬೇಕು, ಅಪ್‌ಡೇಟ್ ಆಗುತ್ತಿರಬೇಕು, ಅಷ್ಟೇ. ಹೊಸ ಲ್ಯಾಪ್‌ಟಾಪಿನೊಂದಿಗೆ ಬಂದ ಬೇರೆ ಆ್ಯಂಟಿವೈರಸ್‌ನ ಅವಧಿ ಮುಗಿದಿದ್ದರೆ ಅದನ್ನು ತೆಗೆದುಹಾಕಿ, ಡಿಫೆಂಡರ್ ಆನ್ ಆಗಿದೆಯೇ ನೋಡಿ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ 2025ರ ಅಕ್ಟೋಬರ್ 14ರಂದು ಸಾಮಾನ್ಯ ಬೆಂಬಲ ನಿಲ್ಲಿಸಿದೆ. ಯಂತ್ರಕ್ಕೆ ಸಾಧ್ಯವಿದ್ದರೆ 11ಕ್ಕೆ ಬದಲಾಯಿಸುವುದು ಒಳ್ಳೆಯದು. ವೈರಸ್ ತೆಗೆಯುವ ಉಚಿತ ಸಾಧನಗಳು ಕೇಂದ್ರ ಸರ್ಕಾರದ 'ಸೈಬರ್ ಸ್ವಚ್ಛತಾ ಕೇಂದ್ರ'ದಲ್ಲೂ ಸಿಗುತ್ತವೆ.

ಆದರೆ ಬಾಗಿಲನ್ನು ನಾವೇ ತೆರೆದರೆ ಕಾವಲುಗಾರ ಏನು ಮಾಡಿಯಾನು? ಕ್ರ್ಯಾಕ್ ಮಾಡಿದ ಗೇಮ್ ಅಥವಾ ಸಾಫ್ಟ್‌ವೇರ್ "ಆ್ಯಂಟಿವೈರಸ್ ಆಫ್ ಮಾಡಿ" ಎಂದು ಕೇಳಿದರೆ ಅಲ್ಲೇ ನಿಲ್ಲಿಸಿ. ನೋಟ್ಸ್ ಎಂದು ಬಂದ ಫೈಲಿನ ಹೆಸರು 'ಪಿಡಿಎಫ್' ಎಂದು ಮುಗಿಯದೆ 'ಇಎಕ್ಸ್‌ಇ' ಎಂದು ಮುಗಿದರೆ ಅದು ನೋಟ್ಸ್ ಅಲ್ಲ, ಪ್ರೋಗ್ರಾಂ. ವಾಟ್ಸ್‌ಆ್ಯಪ್‌ನಲ್ಲಿ ಮದುವೆ ಆಮಂತ್ರಣದ ಹೆಸರಿನಲ್ಲಿ ಬರುವ 'ಎಪಿಕೆ' ಫೈಲೂ ಹಾಗೆಯೇ. ಅದು ಮನೆಯವರ ಬ್ಯಾಂಕ್ ಖಾತೆಗೇ ಕೈ ಹಾಕಬಹುದು. ಹಣ ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ.

ಕೊನೆಯದಾಗಿ ಮೂರು ಅಭ್ಯಾಸ:

1. ಪ್ರಿಂಟ್ ತೆಗೆಸಲು ಹೋಗುವಾಗ ಪೆನ್‌ಡ್ರೈವಿನಲ್ಲಿ ಆ ಒಂದು ಪಿಡಿಎಫ್ ಮಾತ್ರ ಇರಲಿ.

2. ಹೊರಗಿನಿಂದ ಬಂದ ಪೆನ್‌ಡ್ರೈವನ್ನು ತೆರೆಯುವ ಮೊದಲು ರೈಟ್ ಕ್ಲಿಕ್ ಮಾಡಿ ಸ್ಕ್ಯಾನ್ ಮಾಡಿ.

3. ಪ್ರಾಜೆಕ್ಟಿನ ಇನ್ನೊಂದು ಪ್ರತಿ ಇಮೇಲ್ ಅಥವಾ ಗೂಗಲ್ ಡ್ರೈವ್‌ನಲ್ಲಿ ಇರಲಿ.

"ನನ್ನ ಕಂಪ್ಯೂಟರಿನಲ್ಲಿ ಕಳೆದುಕೊಳ್ಳುವಂಥದ್ದು ಏನಿದೆ?" ಎಂದು ಕೆಲವರು ಕೇಳುತ್ತಾರೆ. ನಿಮ್ಮದರಲ್ಲಿ ಇಲ್ಲದಿರಬಹುದು. ನಿಮ್ಮ ಪೆನ್‌ಡ್ರೈವ್ ನಾಳೆ ಹೋಗುವ ಗೆಳತಿಯ ಕಂಪ್ಯೂಟರಿನಲ್ಲಿ ಅವಳ ಇಡೀ ವರ್ಷದ ಕೆಲಸ ಇರುತ್ತದೆ.