ಹುಟ್ಟಿನಿಂದ ಬಂದ ಹೃದಯದೋಷ: ವಯಸ್ಸಿಗೊಂದು ಮುಖ

ಹೃದಯದ ಕಾಯಿಲೆ ಅಂದ್ರೆ ವಯಸ್ಸಾದವರದ್ದು ಅಂತಲೇ ನಾವು ತಿಳಿದಿರುತ್ತೇವೆ, ಅಲ್ಲವೇ? ಆದರೆ ಹುಟ್ಟುವ 100 ಮಕ್ಕಳಲ್ಲಿ ಸುಮಾರು ಒಂದಕ್ಕೆ ಹೃದಯದ ರಚನೆಯಲ್ಲೇ ದೋಷವಿರುತ್ತದೆ. ಅದು ತೋರಿಕೊಳ್ಳುವ ಬಗೆ ವಯಸ್ಸಿನೊಂದಿಗೆ ಬದಲಾಗುತ್ತದೆ.

ಎಳೆಗೂಸಾದರೆ ಹಾಲು ಕುಡಿಯುವಾಗಲೇ ಏದುಸಿರು ಬಿಟ್ಟು, ಹಣೆ ಬೆವತು, ಅರ್ಧಕ್ಕೇ ನಿಲ್ಲಿಸಿಬಿಡುತ್ತದೆ. ತೂಕ ಏರುವುದಿಲ್ಲ. ತುಟಿ, ನಾಲಿಗೆ ನೀಲಿಯಾದರಂತೂ ತಕ್ಷಣ ಆಸ್ಪತ್ರೆಗೆ ಹೊರಡಿ. ಓಡಾಡುವ ಮಗು ಆಟದ ನಡುವೆ ಪದೇ ಪದೇ ಕುಕ್ಕರಗಾಲಲ್ಲಿ ಕೂತರೆ ಸೋಮಾರಿ ಅನ್ನಬೇಡಿ, ಡಾಕ್ಟರಿಗೆ ತೋರಿಸಿ.

ಹೃದಯದ ಮೇಲಿನ ಕೋಣೆಗಳ ನಡುವಿನ ರಂಧ್ರವಾದರೋ 30-40 ವರ್ಷದವರೆಗೂ ಸುಮ್ಮನಿದ್ದು, ಬಸುರಿಯಾದಾಗಲೋ ಮೆಟ್ಟಿಲು ಹತ್ತುವಾಗಲೋ ಏದುಸಿರು, ಎದೆಬಡಿತವಾಗಿ ಹೊರಬೀಳಬಹುದು.

“ಬೆಳೀತಾ ಬೆಳೀತಾ ಸರಿಹೋಗುತ್ತೆ ಬಿಡಿ” ಅನ್ನೋ ಮಾತು ಸಣ್ಣ ರಂಧ್ರಕ್ಕೆ ಎಷ್ಟೋ ಸಲ ನಿಜ. ಆದರೆ ಕೆಳಗಿನ ಕೋಣೆಗಳ ನಡುವಿನ ದೊಡ್ಡ ರಂಧ್ರ ಹಾಗೇ ಉಳಿದರೆ ಶ್ವಾಸಕೋಶದ ರಕ್ತನಾಳಗಳು ಕೆಡುತ್ತಾ ಹೋಗುತ್ತವೆ. ಕೊನೆಗೆ ರಂಧ್ರ ಮುಚ್ಚುವ ಕಾಲವೇ ಮೀರಿಹೋಗುತ್ತದೆ. ಹೆಣ್ಣುಮಗಳಾದರೆ ಮುಂದೆ ಬಸಿರೇ ಜೀವಕ್ಕೆ ಅಪಾಯ.

ಯಾವ ರಂಧ್ರ, ಎಷ್ಟು ದೊಡ್ಡದು ಎಂದು ಎಕೋ ಪರೀಕ್ಷೆ ಹೇಳುತ್ತದೆ, ನೆರೆಮನೆಯವರಲ್ಲ. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ಅಂಗನವಾಡಿ, ಸರ್ಕಾರಿ ಶಾಲೆಗಳಲ್ಲಿ ಮಕ್ಕಳಿಗೆ ಪುಕ್ಕಟೆ ತಪಾಸಣೆ ಇದೆ. ಆ ದಿನ ಮಾತ್ರ ಮಗುವನ್ನು ಮನೆಯಲ್ಲಿ ಉಳಿಸಿಕೊಳ್ಳಬೇಡಿ.